ಲೆಕ್ಸಿಯೊ ದಿವೀನಾ

ಲೆಕ್ಸಿಯೊ ದಿವೀನಾ ಎಂಬುದು ಕ್ರೈಸ್ತರ ಪವಿತ್ರ ಗ್ರಂಥವಾದ ಬೈಬಲನ್ನು ನಿಧಾನವಾಗಿ, ಮರಳಿ ಮರಳಿ, ಪ್ರಾರ್ಥನಾಪೂರ್ವಕವಾಗಿ ಓದುವ ಪ್ರಾಚೀನ ಸಾಧನಾಕ್ರಮ. ಲ್ಯಾಟಿನ್ ಭಾಷೆಯ ಈ ಪದಗಳಿಗೆ ‘ದೈವಿಕ ವಾಚನ’ ಎಂದು ಅರ್ಥ. ಈಜಿಪ್ಟಿನ ಮರಳುಗಾಡಿನ ಸಂನ್ಯಾಸಿಗಳ ನಡುವೆ ರೂಪುಗೊಂಡು, ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರ ಮಠಜೀವನದ ಅಂಗವಾಗಿ ನೆಲೆಯೂರಿದ ಈ ಪದ್ಧತಿಗೆ ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಗ್ವೀಗೊ ಅವರು ಓದು, ಮನನ, ಪ್ರಾರ್ಥನೆ, ದರ್ಶನ ಎಂಬ ನಾಲ್ಕು ಮೆಟ್ಟಿಲುಗಳ ರೂಪವನ್ನು ಕೊಟ್ಟರು. ದೀರ್ಘಕಾಲ ಮಠಗಳ ಗೋಡೆಗಳೊಳಗೆ ಉಳಿದಿದ್ದ ಇದು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಸಾಮಾನ್ಯ ಶ್ರದ್ಧಾಳುಗಳ ನಡುವೆಯೂ ಹರಡಿತು. ಇಂದು ಕಥೋಲಿಕರಲ್ಲದೆ ಆಂಗ್ಲಿಕನ್, ಲೂಥರನ್ ಮುಂತಾದ ಪಂಥಗಳವರೂ ಇದನ್ನು ಅನುಸರಿಸುತ್ತಾರೆ.

ಗ್ರಂಥದ ಪಾಂಡಿತ್ಯ ಒಂದು ದಾರಿ, ಭಕ್ತಿ ಇನ್ನೊಂದು ದಾರಿ ಎಂಬ ವಿಭಜನೆಯನ್ನು ಈ ಪದ್ಧತಿ ಮೂಲತಃ ಒಪ್ಪುವುದಿಲ್ಲ. ಓದಿ ಅರಿಯುವುದೇ ಸಾಧನೆಯ ಮೊದಲ ಹೆಜ್ಜೆ. ಅರಿಯದೆ ಮಾಡಿದ ಮನನವು ಓದುಗನ ಸ್ವಂತ ಕಲ್ಪನೆಯ ಪ್ರತಿಧ್ವನಿಯಾಗಿ ಉಳಿಯಬಹುದೆಂಬ ಎಚ್ಚರಿಕೆ ಇದರ ಹಳೆಯ ಆಕರಗಳಲ್ಲಿಯೇ ಇದೆ. ಆಧುನಿಕ ಕೈಪಿಡಿಗಳಲ್ಲಿ ಹೆಚ್ಚಾಗಿ ಕಡೆಗಣಿಸಲ್ಪಟ್ಟಿರುವುದೂ ಈ ಎಚ್ಚರಿಕೆಯೇ.

ಹೆಸರು

ಮೂರನೆಯ ಶತಮಾನದ ಅಲೆಕ್ಸಾಂಡ್ರಿಯದ ವಿದ್ವಾಂಸ ಓರಿಜೆನ್ ಅವರು ತಮ್ಮ ಶಿಷ್ಯ ಗ್ರೆಗರಿಗೆ ಬರೆದ ಪತ್ರದಲ್ಲಿ ‘ದೈವಿಕ ವಾಚನ’ ಎಂಬ ಅರ್ಥದ ಗ್ರೀಕ್ ಪದಗಳನ್ನು ಬಳಸಿದ್ದಾರೆ. ಗ್ರೀಕರ ತತ್ತ್ವಶಾಸ್ತ್ರವನ್ನೂ ರೇಖಾಗಣಿತವನ್ನೂ ಕಲಿತು, ಆ ಕಲಿಕೆಯನ್ನು ಧರ್ಮಗ್ರಂಥದ ಅರ್ಥವನ್ನು ತಿಳಿಯಲು ಉಪಯೋಗಿಸಬೇಕು. ಆದರೆ ಬುದ್ಧಿಶ್ರಮವೊಂದರಿಂದಲೇ ಆ ಬಾಗಿಲು ತೆರೆಯುವುದಿಲ್ಲ, ಪ್ರಾರ್ಥನೆಯೂ ಬೇಕು ಎಂಬುದು ಆ ಪತ್ರದ ಸಾರ. ಲ್ಯಾಟಿನ್ ರೂಪವು ನಾಲ್ಕನೆಯ ಶತಮಾನದಿಂದ ಈಚೆಗೆ ಬಳಕೆಗೆ ಬಂದಿತು. ಆರಂಭದಲ್ಲಿ ಅದು ಓದುವ ವಿಧಾನವನ್ನು ಮಾತ್ರವಲ್ಲದೆ ಓದಲ್ಪಡುವ ಗ್ರಂಥವನ್ನೂ ಸೂಚಿಸುತ್ತಿತ್ತು.

ಕನ್ನಡದಲ್ಲಿ ‘ದೈವಿಕ ವಾಚನ’, ‘ಪ್ರಾರ್ಥನಾಪೂರ್ವಕ ಪಠಣ’ ಎಂಬ ಅನುವಾದಗಳು ಸಾಧ್ಯ. ಕೇವಲ ‘ಬೈಬಲ್ ಧ್ಯಾನ’ ಎಂದರೆ ಅರ್ಥ ಪೂರ್ಣವಾಗುವುದಿಲ್ಲ. ಧ್ಯಾನವೆಂದೊಡನೆ ಕಣ್ಣುಮುಚ್ಚಿ ಮೌನವಾಗಿ ಕುಳಿತ ಚಿತ್ರ ಕನ್ನಡಿಗರ ಮನಸ್ಸಿಗೆ ಬರುತ್ತದೆ. ಈ ಪದ್ಧತಿಯಲ್ಲಿ ಕಣ್ಣಿನ ಮುಂದೆ ಪುಟವಿರುತ್ತದೆ, ತುಟಿಗಳು ಅಲುಗುತ್ತಿರುತ್ತವೆ.

ಯೆಹೂದ್ಯ ಹಿನ್ನೆಲೆ

ಧರ್ಮಗ್ರಂಥವನ್ನು ಬಾಯಲ್ಲಿ ಆಡಿಸುತ್ತ ಬದುಕುವ ರೂಢಿಯನ್ನು ಕ್ರೈಸ್ತರು ಯೆಹೂದ್ಯರಿಂದ ಪಡೆದರು. ದೇವರ ಆಜ್ಞೆಗಳನ್ನು ಮನೆಯಲ್ಲಿ ಕುಳಿತಿರುವಾಗಲೂ ದಾರಿಯಲ್ಲಿ ನಡೆಯುವಾಗಲೂ ಮಕ್ಕಳೊಡನೆ ಮಾತನಾಡಬೇಕೆಂಬ ವಿಧಿ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿದೆ. ಮೊದಲನೆಯ ಕೀರ್ತನೆಯು ಧರ್ಮಶಾಸ್ತ್ರವನ್ನು ಹಗಲಿರುಳು ಮನನ ಮಾಡುವವನನ್ನು ಧನ್ಯನೆಂದು ಕೊಂಡಾಡುತ್ತದೆ. ಅಲ್ಲಿ ಬಳಕೆಯಾಗಿರುವ ಹೀಬ್ರೂ ಕ್ರಿಯಾಪದ ‘ಹಾಗಾ’. ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ ಪಾರಿವಾಳದ ನರಳಿಕೆಗೂ ಪ್ರವಾದಿ ಯೆಶಾಯನ ಗ್ರಂಥ ಇದೇ ಕ್ರಿಯಾಪದವನ್ನು ಬಳಸುತ್ತದೆ. ಆದುದರಿಂದ ಆ ಕೀರ್ತನೆಯ ಧನ್ಯನು ಮೌನಿಯಲ್ಲ, ಮೆಲುದನಿಯಲ್ಲಿ ಗುನುಗುವವನು. ಕನ್ನಡದ ‘ಪಾರಾಯಣ’, ‘ಜಪ’ ಎಂಬ ಮಾತುಗಳು ಇದಕ್ಕೆ ಹೆಚ್ಚು ಸಮೀಪ.

ಬಾಬಿಲೋನಿನ ಸೆರೆಯಿಂದ ಮರಳಿದ ಜನರ ಮುಂದೆ ಎಜ್ರನು ಧರ್ಮಶಾಸ್ತ್ರವನ್ನು ಓದಿದ ಸಂದರ್ಭ ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಬರುತ್ತದೆ. ಅಲ್ಲಿ ಓದುವವನೊಬ್ಬನೇ ಇರುವುದಿಲ್ಲ. ಅರ್ಥವನ್ನು ವಿವರಿಸುವ ಲೇವಿಯರೂ ಇರುತ್ತಾರೆ. ಕೇಳಿ ಅರ್ಥವಾದ ಮೇಲೆಯೇ ಜನ ಅಳುತ್ತಾರೆ, ಹಬ್ಬ ಮಾಡುತ್ತಾರೆ. ಹೊಸ ಒಡಂಬಡಿಕೆಯಲ್ಲಿ ಎಮ್ಮಾವುಸಿನ ದಾರಿಯ ಪ್ರಸಂಗವೂ ಇದೇ ಕ್ರಮದ್ದು: ಮೊದಲು ಗ್ರಂಥದ ವಿವರಣೆ, ಆಮೇಲೆ ಹೃದಯದ ಉರಿ, ಕೊನೆಗೆ ರೊಟ್ಟಿ ಮುರಿಯುವಾಗ ಗುರುತು.

ಮರಳುಗಾಡಿನ ಸಂನ್ಯಾಸಿಗಳು

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿಗೆ ಹೋದ ಸಂನ್ಯಾಸಿಗಳಲ್ಲಿ ಹಲವರು ರೈತಾಪಿ ಕುಟುಂಬಗಳವರು. ಗ್ರಂಥವೆಂದರೆ ಕೈಬರಹದ ಪ್ರತಿ, ಅದು ದುಬಾರಿ. ಹೀಗಾಗಿ ಅವರ ಗ್ರಂಥಾಭ್ಯಾಸದಲ್ಲಿ ಕಣ್ಣಿಗಿಂತ ಕಿವಿಗೂ ನೆನಪಿಗೂ ಹೆಚ್ಚು ಕೆಲಸವಿತ್ತು. ಸಂತ ಆಂತೋನಿಯವರು ಚರ್ಚಿನಲ್ಲಿ ಮತ್ತಾಯನ ಸುವಾರ್ತೆಯ ವಾಚನವನ್ನು ಕೇಳಿ, ಆಸ್ತಿಯನ್ನು ಮಾರಿ ಬಡವರಿಗೆ ಕೊಡಬೇಕೆಂಬ ಮಾತು ತಮಗೇ ಹೇಳಿದ್ದೆಂದು ಬಗೆದು ಅದರಂತೆ ನಡೆದರೆಂದು ಅವರ ಚರಿತ್ರೆಯನ್ನು ಬರೆದ ಅತನೇಸಿಯಸ್ ಹೇಳುತ್ತಾರೆ. ಆಂತೋನಿಯವರಿಗೆ ನೆನಪೇ ಪುಸ್ತಕವಾಗಿತ್ತು ಎಂಬುದೂ ಅದೇ ಗ್ರಂಥದ ಮಾತು.

ಸಾಮೂಹಿಕ ಮಠಜೀವನವನ್ನು ರೂಪಿಸಿದ ಪಕೋಮಿಯಸ್ ಅವರ ನಿಯಮಗಳು ಈ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದವು. ಮಠ ಸೇರಿದವನಿಗೆ ಅಕ್ಷರ ಬಾರದಿದ್ದರೆ ದಿನಕ್ಕೆ ಮೂರು ಬಾರಿ ಗುರುವಿನ ಬಳಿ ಹೋಗಿ ಕಲಿಯಬೇಕು, ಇಷ್ಟವಿಲ್ಲದಿದ್ದರೂ ಕಲಿಯಬೇಕು. ಪ್ರತಿಯೊಬ್ಬನೂ ಕನಿಷ್ಠಪಕ್ಷ ಕೀರ್ತನೆಗಳನ್ನೂ ಹೊಸ ಒಡಂಬಡಿಕೆಯನ್ನೂ ಬಾಯಿಪಾಠ ಮಾಡಬೇಕು. ಹುಲ್ಲುಚಾಪೆ, ಬುಟ್ಟಿ ಹೆಣೆಯುವಾಗ ಕಂಠಸ್ಥವಾದ ಭಾಗಗಳನ್ನು ಹೇಳಿಕೊಳ್ಳುತ್ತಿದ್ದರು. ಫ್ರಾನ್ಸಿನ ಆರ್ಲ್ ನಗರದ ಬಿಷಪ್ ಸಿಸೇರಿಯಸ್ ಅವರು ಆರನೆಯ ಶತಮಾನದ ಆರಂಭದಲ್ಲಿ ತಮ್ಮ ಸಹೋದರಿಯ ಕನ್ಯಾಮಠಕ್ಕೆ ಬರೆದ ನಿಯಮಾವಳಿಯಲ್ಲಿಯೂ ಎಲ್ಲ ಸಹೋದರಿಯರೂ ಓದಲು ಕಲಿಯಬೇಕೆಂಬ ವಿಧಿಯಿದೆ. ಹೆಂಗಸರಿಗೆ ಅಕ್ಷರ ಕಡ್ಡಾಯವಾಗಿದ್ದ ಸ್ಥಳಗಳು ಆ ಕಾಲದ ಯುರೋಪಿನಲ್ಲಿ ಬೇರೆ ಹೆಚ್ಚು ಇರಲಿಲ್ಲವೆಂಬುದು ಗಮನಾರ್ಹ.

ಈ ಮರಳುಗಾಡಿನ ಪರಂಪರೆಯನ್ನು ಲ್ಯಾಟಿನ್ ಜಗತ್ತಿಗೆ ತಲುಪಿಸಿದವರು ಜಾನ್ ಕ್ಯಾಸಿಯನ್. ಅವರ ‘ಸಂವಾದಗಳು’ ಗ್ರಂಥದ ಹದಿನಾಲ್ಕನೆಯ ಸಂವಾದವು ಗ್ರಂಥವಾಕ್ಯಕ್ಕೆ ಇರುವ ನಾಲ್ಕು ಅರ್ಥಗಳನ್ನು ಜೆರುಸಲೇಮಿನ ಉದಾಹರಣೆಯಿಂದ ವಿವರಿಸುತ್ತದೆ. ಇತಿಹಾಸದ ದೃಷ್ಟಿಯಲ್ಲಿ ಜೆರುಸಲೇಮ್ ಯೆಹೂದ್ಯರ ಪಟ್ಟಣ; ರೂಪಕವಾಗಿ ಅದು ಕ್ರಿಸ್ತನ ಧರ್ಮಸಭೆ; ನೀತಿಯ ದೃಷ್ಟಿಯಲ್ಲಿ ಮನುಷ್ಯನ ಆತ್ಮ; ಪರಲೋಕದ ದೃಷ್ಟಿಯಲ್ಲಿ ದೇವರ ನಿತ್ಯನಗರಿ. ಮೂರು ಅರ್ಥಗಳು ಮೊದಲನೆಯದರ ಮೇಲೆ ನಿಲ್ಲುತ್ತವೆ. ಪಟ್ಟಣವೇ ಇಲ್ಲದಿದ್ದರೆ ಉಳಿದವುಗಳಿಗೆ ಅಡಿಪಾಯವಿಲ್ಲ.

ಬೆನೆಡಿಕ್ಟರ ನಿಯಮಾವಳಿ

ಇಟಲಿಯ ಸಂತ ಬೆನೆಡಿಕ್ಟರು (ಸು. 480–547) ತಮ್ಮ ನಿಯಮಾವಳಿಯ 48ನೆಯ ಅಧ್ಯಾಯದಲ್ಲಿ ದೈಹಿಕ ದುಡಿಮೆಗೂ ದೈವಿಕ ವಾಚನಕ್ಕೂ ದಿನದ ವೇಳೆಯನ್ನು ಹಂಚಿದ್ದಾರೆ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲು ಹೊಲದ ಕೆಲಸ, ಅನಂತರ ಮಧ್ಯಾಹ್ನದವರೆಗೆ ಓದು. ಚಳಿಗಾಲದಲ್ಲಿ ಬೆಳಗಿನ ಮೊದಲ ಹೊತ್ತು ಓದಿಗೆ, ಆಮೇಲೆ ಕೆಲಸ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಓದಿನ ಅವಧಿ ಹೆಚ್ಚು. ಆ ದಿನಗಳ ಆರಂಭದಲ್ಲಿ ಪ್ರತಿಯೊಬ್ಬ ಸಂನ್ಯಾಸಿಗೂ ಗ್ರಂಥಭಂಡಾರದಿಂದ ಒಂದು ಪುಸ್ತಕವನ್ನು ಕೊಡಲಾಗುತ್ತಿತ್ತು. ಅದನ್ನು ಮೊದಲಿನಿಂದ ಕೊನೆಯವರೆಗೆ ಅನುಕ್ರಮವಾಗಿ ಓದಬೇಕಾಗಿತ್ತು. ಇಷ್ಟವಾದ ಪುಟವನ್ನು ಮಾತ್ರ ತೆರೆದು ಓದುವ ಅವಕಾಶವಿರಲಿಲ್ಲ.

ಓದುವ ವೇಳೆಯಲ್ಲಿ ಒಬ್ಬಿಬ್ಬರು ಹಿರಿಯರು ಮಠದಲ್ಲಿ ಸುತ್ತಾಡಿ, ಯಾರಾದರೂ ಪುಸ್ತಕವನ್ನು ಬದಿಗಿಟ್ಟು ಹರಟೆಯಲ್ಲಿ ತೊಡಗಿದ್ದಾರೆಯೇ ಎಂದು ನೋಡಬೇಕೆಂಬ ವಿಧಿಯೂ ಇದೆ. ಆದರ್ಶದ ಜೊತೆಗೆ ಮನುಷ್ಯಸ್ವಭಾವವನ್ನೂ ಬಲ್ಲ ನಿಯಮವಿದು. ಮಧ್ಯಾಹ್ನದ ಊಟದ ನಂತರ ವಿಶ್ರಮಿಸುವ ಹೊತ್ತಿನಲ್ಲಿ ಓದಬಯಸುವವನು ಬೇರೆಯವರಿಗೆ ತೊಂದರೆಯಾಗದಂತೆ ಓದಿಕೊಳ್ಳಬೇಕು ಎಂಬ ಸೂಚನೆಯಿಂದ ಆಗಿನ ಓದು ಸಾಮಾನ್ಯವಾಗಿ ಧ್ವನಿಯುಕ್ತವಾಗಿತ್ತೆಂದು ತಿಳಿಯುತ್ತದೆ. ಮಿಲಾನಿನ ಬಿಷಪ್ ಆಂಬ್ರೋಸರು ತುಟಿ ಅಲುಗಿಸದೆ ಓದುತ್ತಿದ್ದುದನ್ನು ಸಂತ ಆಗಸ್ಟೀನರು ತಮ್ಮ ಆತ್ಮನಿವೇದನೆಯ ಆರನೆಯ ಭಾಗದಲ್ಲಿ ವಿಶೇಷವಾಗಿ ದಾಖಲಿಸಿ, ಅದಕ್ಕೆ ಕಾರಣವೇನಿರಬಹುದೆಂದು ಊಹಿಸುತ್ತಾರೆ.

ಎಲ್ಲ ಓದೂ ಎಲ್ಲ ಹೊತ್ತಿಗೂ ತಕ್ಕದ್ದಲ್ಲವೆಂಬ ವಿವೇಕವೂ ನಿಯಮಾವಳಿಯಲ್ಲಿದೆ. ರಾತ್ರಿಯ ಕೊನೆಯ ಪ್ರಾರ್ಥನೆಗೆ ಮುನ್ನ ಕ್ಯಾಸಿಯನರ ಸಂವಾದಗಳನ್ನೋ ಹಿರಿಯ ಸಂನ್ಯಾಸಿಗಳ ಚರಿತ್ರೆಗಳನ್ನೋ ಓದಬೇಕು. ಬೈಬಲಿನ ಮೊದಲ ಏಳು ಪುಸ್ತಕಗಳನ್ನೂ ಅರಸರ ಗ್ರಂಥಗಳನ್ನೂ ಆ ಹೊತ್ತಿನಲ್ಲಿ ಓದಬಾರದು, ದುರ್ಬಲ ಮನಸ್ಸಿನವರಿಗೆ ಅವು ಹಿತವಲ್ಲ ಎಂದು 42ನೆಯ ಅಧ್ಯಾಯ ಹೇಳುತ್ತದೆ. ಯುದ್ಧ, ಕೊಲೆ, ವಂಚನೆಗಳ ಕಥೆಗಳಿಂದ ತುಂಬಿದ ಆ ಭಾಗಗಳನ್ನು ಬೇರೆ ಹೊತ್ತಿನಲ್ಲಿ ಓದಬೇಕೆಂದು ಅದೇ ಅಧ್ಯಾಯ ತಿಳಿಸುತ್ತದೆ.

ಮಠಗಳ ಬರಹಗಾರರು ಈ ಓದನ್ನು ವಿವರಿಸಲು ಬಹುವಾಗಿ ಬಳಸಿದ ಉಪಮೆ ದನಕರುಗಳ ಮೆಲುಕು. ಹಸು ಹುಲ್ಲನ್ನು ನುಂಗಿ, ನೆರಳಿಗೆ ಬಂದು, ಅದನ್ನೇ ಬಾಯಿಗೆ ತಂದುಕೊಂಡು ಮೆಲ್ಲುವಂತೆ ಓದಿದ್ದನ್ನು ದಿನವಿಡೀ ನೆನಪಿನಿಂದ ಮೇಲೆತ್ತಿ ಸವಿಯಬೇಕೆಂಬುದು ತಾತ್ಪರ್ಯ. ‘ಮೆಲುಕು ಹಾಕು’ ಎಂಬ ನುಡಿಗಟ್ಟು ಕನ್ನಡದಲ್ಲಿ ಇದೇ ಅರ್ಥದಲ್ಲಿ ಬಳಕೆಯಲ್ಲಿರುವುದರಿಂದ ಕನ್ನಡ ಓದುಗರಿಗೆ ಇದಕ್ಕೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಗ್ವೀಗೊ ಅವರ ಏಣಿ

ಫ್ರಾನ್ಸಿನ ಆಲ್ಪ್ಸ್ ಪರ್ವತಗಳಲ್ಲಿರುವ ಗ್ರಾಂದ್ ಶಾರ್ತ್ರೂಜ್ ಮಠವು 1084ರಲ್ಲಿ ಸಂತ ಬ್ರೂನೊ ಅವರು ಸ್ಥಾಪಿಸಿದ ಕಾರ್ತೂಸಿಯನ್ ಸಂಪ್ರದಾಯದ ಮೂಲಮಠ. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಅದರ ಒಂಬತ್ತನೆಯ ಮುಖ್ಯಸ್ಥರಾಗಿದ್ದ ಎರಡನೆಯ ಗ್ವೀಗೊ ಅವರು ಗೆರ್ವಾಸ್ ಎಂಬ ಸಹೋದರನಿಗೆ ಬರೆದ ಪತ್ರರೂಪದ ಕಿರುಗ್ರಂಥ ‘ಸಂನ್ಯಾಸಿಗಳ ಏಣಿ’ ಎಂದು ಪ್ರಸಿದ್ಧವಾಗಿದೆ. ಇದು ಬಹುಕಾಲ ಆಗಸ್ಟೀನರ ಹೆಸರಿನಲ್ಲೋ ಕ್ಲೇರ್ವೊದ ಬರ್ನಾರ್ಡರ ಹೆಸರಿನಲ್ಲೋ ಪ್ರಚಾರದಲ್ಲಿತ್ತು.

ಒಂದು ದಿನ ಕೈಕೆಲಸದಲ್ಲಿ ತೊಡಗಿದ್ದಾಗ ತಮಗೆ ನಾಲ್ಕು ಮೆಟ್ಟಿಲುಗಳ ಏಣಿಯೊಂದು ಹೊಳೆಯಿತೆಂದು ಗ್ವೀಗೊ ಬರೆಯುತ್ತಾರೆ. ಬುಡ ನೆಲದ ಮೇಲೆ, ತುದಿ ಮೋಡಗಳಾಚೆ. ಮೊದಲನೆಯದು ಓದು, ಅಂದರೆ ಗ್ರಂಥವನ್ನು ಏಕಾಗ್ರವಾಗಿ ಪರಿಶೀಲಿಸುವುದು. ಎರಡನೆಯದು ಮನನ, ಓದಿದ್ದರ ಒಳಗೆ ಅಡಗಿರುವ ಸತ್ಯವನ್ನು ಬುದ್ಧಿಯಿಂದ ಹುಡುಕುವುದು. ಮೂರನೆಯದು ಪ್ರಾರ್ಥನೆ. ನಾಲ್ಕನೆಯದು ದರ್ಶನ, ಇಲ್ಲಿ ಮನಸ್ಸು ತನ್ನನ್ನು ಮೀರಿ ದೇವರ ಸನ್ನಿಧಿಯ ಮಾಧುರ್ಯವನ್ನು ಅನುಭವಿಸುತ್ತದೆ. ಊಟದ ಉಪಮೆಯಲ್ಲಿ ಹೇಳುವುದಾದರೆ, ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ರುಚಿಯನ್ನು ಹೊರಡಿಸುತ್ತದೆ, ದರ್ಶನವೇ ಆ ಸವಿ.

ಗ್ವೀಗೊ ಅವರು ಕೊಡುವ ಉದಾಹರಣೆ ಪದ್ಧತಿಯ ನಡೆಯನ್ನು ಚೆನ್ನಾಗಿ ತೋರಿಸುತ್ತದೆ. ಅವರು ಯೇಸುವಿನ ಪರ್ವತಪ್ರಸಂಗದಿಂದ, ನಿರ್ಮಲಹೃದಯರು ದೇವರನ್ನು ಕಾಣುವರೆಂಬ ವಾಕ್ಯವನ್ನು ಎತ್ತಿಕೊಂಡು, ಅದನ್ನು ದ್ರಾಕ್ಷಿಹಣ್ಣಿನಂತೆ ಹಿಂಡುತ್ತಾರೆ. ಮೊದಲು ಪದಗಳ ಕಡೆಗೆ ಗಮನ: ಇಲ್ಲಿ ನಿರ್ಮಲವಾಗಿರಬೇಕೆಂದು ಹೇಳಿರುವುದು ದೇಹವಲ್ಲ, ಹೃದಯ. ಕೈಗಳು ಕೆಟ್ಟ ಕೆಲಸ ಮಾಡದಿದ್ದರಷ್ಟೇ ಸಾಲದು, ಮನಸ್ಸೂ ಮಲಿನ ಯೋಚನೆಗಳಿಂದ ದೂರವಿರಬೇಕು. ಅನಂತರ ಅದೇ ಮಾತು ಬೈಬಲಿನಲ್ಲಿ ಬೇರೆಲ್ಲಿ ಬಂದಿದೆ ಎಂಬ ಹುಡುಕಾಟ: ಪ್ರಭುವಿನ ಬೆಟ್ಟವನ್ನು ಏರಬಲ್ಲವನಾರು ಎಂದು ಕೇಳುವ ಕೀರ್ತನೆ, ಶುದ್ಧಹೃದಯವನ್ನು ತನ್ನಲ್ಲಿ ಸೃಷ್ಟಿಸೆಂದು ದಾವೀದನು ಬೇಡುವ ಕೀರ್ತನೆ, ತನ್ನ ಕಣ್ಣುಗಳೊಡನೆ ಒಪ್ಪಂದ ಮಾಡಿಕೊಂಡ ಯೋಬ. ಬೇಡಿಕೊಳ್ಳುವವನು ದಾವೀದನಂಥ ಅರಸನೇ ಆಗಿದ್ದರೆ ಹೃದಯಶುದ್ಧಿ ಸ್ವಪ್ರಯತ್ನದಿಂದ ಮಾತ್ರ ದೊರೆಯುವ ವಸ್ತುವಲ್ಲ. ಈ ಅರಿವು ಮೂಡಿದಾಗ ಮನನವು ತಾನಾಗಿಯೇ ಪ್ರಾರ್ಥನೆಗೆ ತಿರುಗುತ್ತದೆ. ಹುಡುಕುತ್ತಿದ್ದವನು ಕೇಳುವವನಾಗುತ್ತಾನೆ.

ಇಲ್ಲಿ ಭಾವಾವೇಶಕ್ಕಿಂತ ಮೊದಲು ಪದವಿಚಾರ, ವಾಕ್ಯವಿಚಾರ, ಸಮಾನ ಪ್ರಯೋಗಗಳ ಹೋಲಿಕೆ ಬರುತ್ತವೆ. ಮೆಟ್ಟಿಲುಗಳು ಒಂದನ್ನೊಂದು ಬಿಟ್ಟಿರಲಾರವೆಂಬುದು ಗ್ರಂಥದ ಉತ್ತರಭಾಗದ ಮುಖ್ಯ ಪ್ರತಿಪಾದನೆ: ಮನನವಿಲ್ಲದ ಓದು ಬರಡು, ಓದಿಲ್ಲದ ಮನನ ದಾರಿತಪ್ಪುವಂಥದು, ಮನನವಿಲ್ಲದ ಪ್ರಾರ್ಥನೆಯಲ್ಲಿ ಬಿಸುಪಿಲ್ಲ, ಪ್ರಾರ್ಥನೆಯಿಲ್ಲದೆ ದರ್ಶನ ದೊರೆಯುವುದು ಪವಾಡಕ್ಕೆ ಸಮ. ಕೊನೆಯ ಮೆಟ್ಟಿಲನ್ನು ಯಾರೂ ಬಲವಂತದಿಂದ ಏರಲಾರರು, ಅದು ಕೃಪೆ. ಏರಿದವರೂ ಅಲ್ಲಿ ಬಹುಕಾಲ ನಿಲ್ಲಲಾರರು.

ಶಾಲೆಗಳ ಏಳಿಗೆ, ಓದಿನ ಬದಲಾವಣೆ

ಗ್ವೀಗೊ ಅವರು ಬರೆಯುತ್ತಿದ್ದ ಕಾಲದಲ್ಲಿಯೇ ಯುರೋಪಿನ ಓದು ಬದಲಾಗುತ್ತಿತ್ತು. ಪ್ಯಾರಿಸ್ ಮುಂತಾದ ನಗರಗಳ ಶಾಲೆಗಳಲ್ಲಿ ‘ಲೆಕ್ಸಿಯೊ’ ಎಂದರೆ ಅಧ್ಯಾಪಕನ ಪಾಠ. ಅದರಿಂದ ಪ್ರಶ್ನೆ, ಪ್ರಶ್ನೆಯಿಂದ ವಾದ. ಮಠದಲ್ಲಿ ಓದು ಪ್ರಾರ್ಥನೆಯ ಕಡೆಗೆ ಹೋದರೆ ಶಾಲೆಯಲ್ಲಿ ತರ್ಕದ ಕಡೆಗೆ ಹೋಯಿತು. ಇಪ್ಪತ್ತನೆಯ ಶತಮಾನದ ಬೆನೆಡಿಕ್ಟೈನ್ ವಿದ್ವಾಂಸ ಝಾನ್ ಲಕ್ಲೇರ್ ಅವರು 1957ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಈ ಎರಡು ಸಂಸ್ಕೃತಿಗಳ ಅಂತರವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೂ ಅಂತರವನ್ನು ಹಿಗ್ಗಿಸಬಾರದು; ಪ್ಯಾರಿಸಿನ ಸಂತ ವಿಕ್ಟರ್ ಮಠದ ಹ್ಯೂ ಅವರು (ನಿಧನ 1141) ಶಾಲಾಗುರುವೂ ಹೌದು, ಓದಿನಿಂದ ದರ್ಶನದವರೆಗಿನ ಹಾದಿಯನ್ನು ಬರೆದವರೂ ಹೌದು.

ಹದಿಮೂರನೆಯ ಶತಮಾನದ ಆರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಅವರ ಹೆಸರಿನೊಡನೆ ಗುರುತಿಸಲಾಗುವ ಅಧ್ಯಾಯ ವಿಭಾಗವೂ, 1551ರಲ್ಲಿ ರೊಬೇರ್ ಎಸ್ತಿಯೆನ್ ಅವರು ಮುದ್ರಿಸಿದ ಹೊಸ ಒಡಂಬಡಿಕೆಯ ವಚನಸಂಖ್ಯೆಗಳೂ ಗ್ರಂಥವನ್ನು ಉಲ್ಲೇಖಿಸಲು ಬಹಳ ಅನುಕೂಲ ಮಾಡಿದವು. ಸಂದರ್ಭದಿಂದ ಕಿತ್ತ ಒಂಟಿ ವಚನಗಳನ್ನು ಓದುವ ಅಭ್ಯಾಸಕ್ಕೂ ಅವೇ ದಾರಿಮಾಡಿದವು.

ಅಕ್ಷರವರಿಯದ ಜನರಿಗೆ ಚರ್ಚಿನ ಗೋಡೆಚಿತ್ರಗಳು, ಬಣ್ಣದ ಗಾಜಿನ ಕಿಟಕಿಗಳು, ಜಪಸರ ಇವೇ ಗ್ರಂಥವಾಗಿದ್ದವು. ನೂರೈವತ್ತು ಕೀರ್ತನೆಗಳ ಬದಲಿಗೆ ನೂರೈವತ್ತು ‘ನಮೋ ಮರಿಯಾ’ ಜಪಗಳನ್ನು ಹೇಳುವ ಕ್ರಮ ಇದರ ಸೂಚಕ.

ಸುಧಾರಣೆಯ ನಂತರ

ಮಾರ್ಟಿನ್ ಲೂಥರರು 1522ರಲ್ಲಿ ಹೊಸ ಒಡಂಬಡಿಕೆಯನ್ನೂ 1534ರಲ್ಲಿ ಪೂರ್ಣ ಬೈಬಲನ್ನೂ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಸ್ವತಃ ಮಠದಲ್ಲಿ ಬೆಳೆದಿದ್ದ ಅವರು 1539ರಲ್ಲಿ ತಮ್ಮ ಜರ್ಮನ್ ಕೃತಿಗಳ ಮುನ್ನುಡಿಯಲ್ಲಿ ಪ್ರಾರ್ಥನೆ, ಮನನ, ಸಂಕಟ ಎಂಬ ಮೂರನ್ನು ದೇವಶಾಸ್ತ್ರವನ್ನು ಕಲಿಯುವ ಕ್ರಮವೆಂದು ಹೇಳಿದರು. ಗ್ವೀಗೊ ಅವರಲ್ಲಿ ಕೊನೆಯ ಮೆಟ್ಟಿಲು ದರ್ಶನವಾದರೆ ಲೂಥರರಲ್ಲಿ ಆ ಸ್ಥಾನಕ್ಕೆ ಸಂಕಟ ಬಂದಿದೆ: ಓದಿದ ಮಾತು ನಿಜವೆಂದು ತಿಳಿಯುವುದು ಕಷ್ಟದಲ್ಲಿ ಅದನ್ನು ಹಿಡಿದು ನಿಂತಾಗ. ಪ್ರಾರ್ಥನೆಯನ್ನು ಅವರು ಓದಿನ ಫಲವಾಗಿ ಅಲ್ಲ, ಆರಂಭವಾಗಿ ಇರಿಸಿದರು.

ಕಥೋಲಿಕ ಧರ್ಮಸಭೆಯು ಟ್ರೆಂಟ್ ಮಹಾಸಭೆಯ ನಂತರ, 1564ರ ನಿಯಮಗಳ ಮೂಲಕ, ದೇಶಭಾಷೆಗಳ ಬೈಬಲನ್ನು ಓದಲು ಲಿಖಿತ ಅನುಮತಿಯನ್ನು ಕಡ್ಡಾಯಗೊಳಿಸಿತು. ಸಾಮಾನ್ಯ ಕಥೋಲಿಕರ ಭಕ್ತಿಜೀವನವು ಬೈಬಲಿನ ನೇರ ಓದಿನಿಂದ ಕೆಲವು ಶತಮಾನಗಳ ಕಾಲ ದೂರವಾಗಲು ಇದೊಂದು ಪ್ರಬಲ ಕಾರಣ. ಈ ಅವಧಿಯಲ್ಲಿ ದೈವಿಕ ವಾಚನವು ಮುಖ್ಯವಾಗಿ ಮಠಗಳಲ್ಲಿ ಉಳಿಯಿತು.

ಪ್ರಾಟೆಸ್ಟಂಟ್ ಜರ್ಮನಿಯಲ್ಲಿ ಫಿಲಿಪ್ ಸ್ಪೇನರ್ ಅವರು 1675ರಲ್ಲಿ ಪ್ರಕಟಿಸಿದ ‘ಪಿಯಾ ದೆಸಿದೇರಿಯಾ’ ಮನೆಗಳಲ್ಲಿ ಸೇರಿ ಬೈಬಲ್ ಓದುವ ಚಳವಳಿಗೆ ಪ್ರೇರಣೆಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಡೀಟ್ರಿಕ್ ಬೊನ್‌ಹಾಫರ್ ಅವರು ಹಿಟ್ಲರನ ಆಡಳಿತವನ್ನು ವಿರೋಧಿಸಿದ ಸಭೆಯ ಪಾದ್ರಿಗಳಿಗಾಗಿ ಫಿಂಕನ್‌ವಾಲ್ಡೆಯಲ್ಲಿ ನಡೆಸಿದ ತರಬೇತಿ ಕೇಂದ್ರದಲ್ಲಿ (1935–37) ದಿನಕ್ಕೆ ಅರ್ಧ ತಾಸು ಮೌನಮನನವನ್ನು ಕಡ್ಡಾಯ ಮಾಡಿದರು. ಇಡೀ ವಾರ ಒಂದೇ ಚಿಕ್ಕ ಭಾಗ. ಇದು ಕಥೋಲಿಕರ ಪದ್ಧತಿಯೆಂದು ಆಕ್ಷೇಪಿಸಿದವರಿದ್ದರು. ಆ ಕೇಂದ್ರವನ್ನು ಮುಚ್ಚಿಸಿದವರು ಮಾತ್ರ ಗೆಸ್ಟಾಪೊ ಪೊಲೀಸರು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ನವೆಂಬರ್ 18ರಂದು ಹೊರಡಿಸಿದ ‘ದೇಯಿ ವೆರ್ಬುಮ್’ ಶಾಸನದ ಕೊನೆಯ ಅಧ್ಯಾಯವು ಎಲ್ಲ ಶ್ರದ್ಧಾಳುಗಳಿಗೂ ಗ್ರಂಥದ ದಾರಿ ಮುಕ್ತವಾಗಿರಬೇಕೆಂದೂ ಓದಿನೊಡನೆ ಪ್ರಾರ್ಥನೆ ಇರಬೇಕೆಂದೂ ವಿಧಿಸಿತು. ಕಾರ್ಡಿನಲ್ ಕಾರ್ಲೊ ಮಾರಿಯಾ ಮಾರ್ಟಿನಿ ಅವರು ಮಿಲಾನಿನ ಮಹಾದೇವಾಲಯದಲ್ಲಿ 1980ರಿಂದ ನಡೆಸಿದ ‘ವಾಕ್ಯದ ಶಾಲೆ’ಗೆ ಯುವಕ ಯುವತಿಯರು ಭಾರಿ ಸಂಖ್ಯೆಯಲ್ಲಿ ಬಂದರು. ಹದಿನಾರನೆಯ ಬೆನೆಡಿಕ್ಟ್ ಪೋಪರು 2010ರ ‘ವೆರ್ಬುಮ್ ದೋಮಿನಿ’ ಪತ್ರದಲ್ಲಿ ನಾಲ್ಕು ಮೆಟ್ಟಿಲುಗಳನ್ನು ವಿವರಿಸಿ, ಓದು ಆಚರಣೆಯಾಗಿ ಪರಿಣಮಿಸದ ಹೊರತು ಪೂರ್ಣವಾಗದೆಂದು ಸೇರಿಸಿದರು.

ಅಭ್ಯಾಸದ ರೀತಿ

ಇಂದಿನ ರೂಢಿಯಲ್ಲಿ ಹತ್ತು ಹದಿನೈದು ವಚನಗಳ ಒಂದು ಭಾಗವನ್ನು ಆರಿಸಿಕೊಳ್ಳುತ್ತಾರೆ. ಆಯ್ಕೆಯನ್ನು ಓದುಗನ ಇಷ್ಟಕ್ಕೆ ಬಿಡದೆ, ಅಂದಿನ ಬಲಿಪೂಜೆಗೆ ಗೊತ್ತುಪಡಿಸಿದ ಶುಭಸಂದೇಶವನ್ನೋ ಒಂದು ಪುಸ್ತಕದ ಮುಂದಿನ ಭಾಗವನ್ನೋ ತೆಗೆದುಕೊಳ್ಳುವುದು ಒಳ್ಳೆಯದೆಂಬುದು ಅನುಭವಿಗಳ ಸಲಹೆ. ಮೊದಲ ಬಾರಿ ದನಿತೆಗೆದು ಓದಿ, ಕಥೆಯಾದರೆ ಯಾರು, ಎಲ್ಲಿ, ಏನಾಯಿತು ಎಂಬುದನ್ನೂ ಪತ್ರವಾದರೆ ಯಾರು ಯಾರಿಗೆ ಬರೆದದ್ದೆಂಬುದನ್ನೂ ತಿಳಿಯಬೇಕು. ಎರಡನೆಯ ಓದಿನಲ್ಲಿ ಮನಸ್ಸಿಗೆ ತಾಗಿದ ಪದದ ಬಳಿ ನಿಲ್ಲಬೇಕು. ಹಿತವಾಗಿ ತಾಗಿದ್ದಷ್ಟೇ ಅಲ್ಲ, ಮುಳ್ಳಿನಂತೆ ಚುಚ್ಚಿದ್ದೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿಂದ ಪ್ರಾರ್ಥನೆ, ಮೌನ. ಗುಂಪಿನಲ್ಲಿ ಮಾಡುವಾಗ ಒಬ್ಬೊಬ್ಬರೂ ತಮಗೆ ತೋಚಿದ್ದನ್ನು ಚುಟುಕಾಗಿ ಹೇಳುತ್ತಾರೆ, ಚರ್ಚೆ ಮಾಡುವುದಿಲ್ಲ. ದಕ್ಷಿಣ ಆಫ್ರಿಕದ ಲುಂಕೊ ಸಂಸ್ಥೆ ರೂಪಿಸಿದ ‘ಏಳು ಹೆಜ್ಜೆಗಳ’ ಕ್ರಮ ಗುಂಪುಗಳಲ್ಲಿ ಜನಪ್ರಿಯವಾಗಿದೆ.

ಓದಿನ ಹಕ್ಕು, ಓದಿನ ಅಪಾಯ

ಈ ಪದ್ಧತಿಯ ವಿರುದ್ಧದ ಮುಖ್ಯ ಟೀಕೆ, ಅದು ಪ್ರತಿಯೊಬ್ಬರಿಗೂ ತೋಚಿದ ಅರ್ಥವನ್ನು ದೇವರ ಮಾತೆನ್ನುವ ಸಲುಗೆಯನ್ನು ಕೊಡುತ್ತದೆ ಎಂಬುದು. ಟೀಕೆ ನಿರಾಧಾರವಲ್ಲ. ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ ಇದಕ್ಕೆ ಒಳ್ಳೆಯ ನಿದರ್ಶನ. ದೇವರು ಕೇಡಿನದಲ್ಲ, ಒಳಿತಿನ ಯೋಜನೆಯನ್ನು ಇಟ್ಟುಕೊಂಡಿದ್ದಾನೆಂಬ ಭಾವದ ಈ ವಚನ ಶುಭಾಶಯಪತ್ರಗಳಲ್ಲಿಯೂ ಗೋಡೆಫಲಕಗಳಲ್ಲಿಯೂ ಕಾಣುತ್ತದೆ. ಪರೀಕ್ಷೆ, ಉದ್ಯೋಗ, ಮದುವೆಗಳ ಸಂದರ್ಭದಲ್ಲಿ ಅದನ್ನು ತಮಗಾಗಿಯೇ ಹೇಳಿದ್ದೆಂದು ಹಲವರು ಗ್ರಹಿಸುತ್ತಾರೆ. ಆದರೆ ಅದು ಬಾಬಿಲೋನಿಗೆ ಸೆರೆಯಾಗಿ ಹೋದವರಿಗೆ ಬರೆದ ಪತ್ರದ ಸಾಲು. ಹಿಂದಿನ ವಚನವೇ ಎಪ್ಪತ್ತು ವರ್ಷಗಳ ಅವಧಿಯನ್ನು ಹೇಳುತ್ತದೆ. ಪತ್ರವನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಊರಿಗೆ ಮರಳುವಂತಿರಲಿಲ್ಲ. ಮನೆ ಕಟ್ಟಿ, ತೋಟ ಮಾಡಿ, ಸೆರೆಹಿಡಿದವರ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎಂಬುದು ಅಲ್ಲಿಯ ಬುದ್ಧಿವಾದ. ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುವುದೆಂದು ಭರವಸೆ ಕೊಟ್ಟವನು ಹಿಂದಿನ ಅಧ್ಯಾಯದ ಹನನ್ಯ, ಸುಳ್ಳು ಪ್ರವಾದಿ. ಸಂದರ್ಭವನ್ನು ತಿಳಿದು ಓದಿದರೆ ವಚನದ ಸಾಂತ್ವನ ಕಡಮೆಯಾಗುವುದಿಲ್ಲ. ಬೇಗ ಫಲಿಸದ ಭರವಸೆಯೊಡನೆ ಬಾಳುವವರಿಗೆ ಅದು ಹೆಚ್ಚೇ ಆಗುತ್ತದೆ.

ಆಗಸ್ಟೀನರು ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದ ಮೊದಲ ಭಾಗದಲ್ಲಿ ಇದಕ್ಕೊಂದು ಒರೆಗಲ್ಲನ್ನು ಕೊಡುತ್ತಾರೆ. ದೇವರ ಪ್ರೀತಿಯನ್ನೂ ನೆರೆಯವರ ಪ್ರೀತಿಯನ್ನೂ ಬೆಳೆಸದ ವ್ಯಾಖ್ಯಾನವು ಗ್ರಂಥವನ್ನು ಅರಿತದ್ದಲ್ಲ. ತಪ್ಪಾಗಿ ಅರ್ಥೈಸಿಯೂ ಪ್ರೀತಿಯನ್ನೇ ತಲುಪಿದವನು ಹಾದಿ ಬಿಟ್ಟು ಹೊಲದ ನಡುವೆ ನಡೆದು ಅದೇ ಊರನ್ನು ಸೇರಿದವನಂತೆ. ಆದರೂ ಅವನನ್ನು ತಿದ್ದಬೇಕು. ಹಾದಿ ಬಿಡುವುದು ಅಭ್ಯಾಸವಾದರೆ ಮುಂದೊಮ್ಮೆ ಬೇರೆ ಊರನ್ನೇ ಸೇರಬಹುದು.

ವ್ಯಾಖ್ಯಾನದ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಕೆಲವೊಮ್ಮೆ ಜೀವನ್ಮರಣದ ಪ್ರಶ್ನೆ. ಅಮೆರಿಕದ ಕಪ್ಪುಜನಾಂಗದ ದೇವಶಾಸ್ತ್ರಜ್ಞ ಹೋವರ್ಡ್ ಥರ್ಮನ್ ಅವರು 1949ರ ತಮ್ಮ ಕೃತಿಯಲ್ಲಿ, ಗುಲಾಮಗಿರಿಯಲ್ಲಿ ಹುಟ್ಟಿದ ತಮ್ಮ ಅಜ್ಜಿಯನ್ನು ನೆನೆಯುತ್ತಾರೆ. ಅಕ್ಷರ ಬಾರದ ಆಕೆ ಮೊಮ್ಮಗನಿಂದ ಬೈಬಲ್ ಓದಿಸಿಕೊಳ್ಳುತ್ತಿದ್ದರು; ಆದರೆ ಪೌಲನ ಪತ್ರಗಳನ್ನು, ಪ್ರೀತಿಯನ್ನು ಕುರಿತ ಒಂದು ಅಧ್ಯಾಯದ ಹೊರತು, ಓದಗೊಡುತ್ತಿರಲಿಲ್ಲ. ಯಜಮಾನನ ಪಾದ್ರಿಯು ಗುಲಾಮರು ಒಡೆಯರಿಗೆ ವಿಧೇಯರಾಗಿರಬೇಕೆಂದು ಆ ಪತ್ರಗಳಿಂದಲೇ ಬೋಧಿಸುತ್ತಿದ್ದುದೇ ಇದಕ್ಕೆ ಕಾರಣ. ಓದಲು ಬಲ್ಲವರ ವ್ಯಾಖ್ಯಾನವನ್ನು ಓದಲು ಬಾರದವರು ತೂಗಿ ನೋಡಿ ತಿರಸ್ಕರಿಸಿದ ಸಂದರ್ಭವಿದು. ಬ್ರೆಜಿಲಿನಲ್ಲಿ ಬಡವರ ಕಿರುಸಮುದಾಯಗಳೊಡನೆ ಬೈಬಲ್ ಓದಿದ ಕಾರ್ಮೆಲ್ ಸಂನ್ಯಾಸಿ ಕಾರ್ಲೊಸ್ ಮೆಸ್ಟರ್ಸ್ ಅವರು ಗ್ರಂಥದ ಮಾತು, ಸಮುದಾಯ, ಬದುಕಿನ ವಾಸ್ತವ ಈ ಮೂರೂ ಒಂದನ್ನೊಂದು ತಿದ್ದಬೇಕೆಂದು ವಾದಿಸಿದರು.

ಭಾರತದಲ್ಲಿ

ಕನ್ನಡದಲ್ಲಿ ಬೈಬಲಿನ ಓದು ಅನುವಾದದೊಡನೆ ಆರಂಭವಾಗುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಬಳ್ಳಾರಿಯಲ್ಲಿ ನೆಲೆಸಿ ಕೈಗೊಂಡ ಕನ್ನಡ ಅನುವಾದ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅದರ ಪರಿಷ್ಕರಣೆಯಲ್ಲಿ ಪಾಲ್ಗೊಂಡರು. ಪ್ರಾಟೆಸ್ಟಂಟ್ ಕುಟುಂಬಗಳಲ್ಲಿ ‘ಸತ್ಯವೇದ’ವನ್ನು ಓದಿ, ಹಾಡಿ, ಪ್ರಾರ್ಥಿಸುವ ಮನೆಪ್ರಾರ್ಥನೆಯ ರೂಢಿ ಲೆಕ್ಸಿಯೊ ದಿವೀನಾ ಎಂಬ ಹೆಸರಿಲ್ಲದೆಯೇ ಅದರ ಹಲವು ಅಂಶಗಳನ್ನು ಒಳಗೊಂಡಿದೆ.

ಕಥೋಲಿಕರಲ್ಲಿ ಈ ಕಾರ್ಯಕ್ಕೆ ನೆಲೆಯಾದದ್ದು ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ. ವ್ಯಾಟಿಕನ್ ಮಹಾಸಭೆಯ ಬೆನ್ನಲ್ಲೇ ಆರಂಭವಾದ ಇದರ ಸ್ಥಾಪಕ ನಿರ್ದೇಶಕರು ಡಿ. ಎಸ್. ಅಮಲೋರ್ಪವದಾಸ್. 1974ರಲ್ಲಿ ಈ ಕೇಂದ್ರದಲ್ಲಿ ನಡೆದ ವಿಚಾರಸಂಕಿರಣವು ಬೈಬಲೇತರ ಧರ್ಮಗ್ರಂಥಗಳಿಗೆ ಕ್ರೈಸ್ತರ ಪ್ರಾರ್ಥನೆಯಲ್ಲಿ ಸ್ಥಾನವುಂಟೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿತು. ಉಪನಿಷತ್ತುಗಳನ್ನು ಆರಾಧನೆಯಲ್ಲಿ ಓದುವ ಪ್ರಯೋಗಗಳು ಬೆಂಬಲವನ್ನೂ ತೀವ್ರ ವಿರೋಧವನ್ನೂ ಕಂಡವು. ಅಮಲೋರ್ಪವದಾಸ್ ಅವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಪ್ರಾಧ್ಯಾಪಕರಾಗಿ, ಮೈಸೂರಿನಲ್ಲಿಯೇ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು. ಬೆನೆಡಿಕ್ಟೈನ್ ಸಂನ್ಯಾಸಿ ಬೀಡ್ ಗ್ರಿಫಿತ್ಸ್ ಅವರು 1955ರಲ್ಲಿ ಭಾರತಕ್ಕೆ ಬಂದು ಮೊದಲು ನೆಲೆಸಿದ್ದು ಬೆಂಗಳೂರಿನ ಕೆಂಗೇರಿಯಲ್ಲಿ. 1958ರಲ್ಲಿ ಕೇರಳದ ಕುರಿಶುಮಲೆಗೂ 1968ರಲ್ಲಿ ತಮಿಳುನಾಡಿನ ಶಾಂತಿವನಕ್ಕೂ ಹೋದರು. ಕೆಂಗೇರಿಯ ಬಳಿಯ ಆಶೀರ್ವನಂ ಮಠ ಬೆನೆಡಿಕ್ಟರ ನಿಯಮಾವಳಿಯನ್ನೇ ಅನುಸರಿಸುತ್ತದೆ.

ಭಾರತೀಯ ಓದುಗರು ಗ್ವೀಗೊ ಅವರ ಮೆಟ್ಟಿಲುಗಳನ್ನು ಬೃಹದಾರಣ್ಯಕ ಉಪನಿಷತ್ತಿನ ನೆಲೆಯಿಂದ ಬೆಳೆದ ಶ್ರವಣ, ಮನನ, ನಿದಿಧ್ಯಾಸನಗಳೊಡನೆ ಹೋಲಿಸುವುದು ಸಹಜ. ಎರಡರಲ್ಲಿಯೂ ಶಬ್ದವೇ ಆರಂಭ, ಬುದ್ಧಿಯ ಪರಿಶೀಲನೆ ನಡುವಣ ಘಟ್ಟ. ವ್ಯತ್ಯಾಸವೂ ದೊಡ್ಡದು. ವೇದಾಂತದ ಸಾಧಕನು ಆತ್ಮಸ್ವರೂಪದ ಅರಿವಿನ ಕಡೆಗೆ ನಡೆಯುತ್ತಾನೆ, ಗುರುಮುಖದಿಂದ ಕೇಳಿದ್ದು ಅಲ್ಲಿ ಪ್ರಮಾಣ. ಗ್ವೀಗೊ ಅವರ ಏಣಿ ಒಬ್ಬನು ಇನ್ನೊಬ್ಬನೊಡನೆ ನಡೆಸುವ ಸಂಭಾಷಣೆಯ ಮಾದರಿಯದು. ಅದರ ಮೂರನೆಯ ಮೆಟ್ಟಿಲಾದ ಬೇಡಿಕೆಯ ಪ್ರಾರ್ಥನೆಗೆ ಶ್ರವಣಾದಿ ಮೂರರಲ್ಲಿ ನೇರವಾದ ಸಮಾನಪದವಿಲ್ಲ.